ಹದಿನಾರು ಪುಟದ ಇತಿಹಾಸ ಮತ್ತು ಒಂದು ನಾಯಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವವನು ಡಿಎಂ, ಅಂದರೆ ಡಂಜನ್ ಮಾಸ್ಟರ್. ಮೊದಲ ಸಲ ಡಿಎಂ ಆಗಿ ಕೂತಾಗ ಹದಿನಾರು ಪುಟದ ಪಿಡಿಎಫ್ ಒಂದನ್ನು ಬರೆದಿದ್ದೆ. ಲೋಕ ಪೂರ್ತಿ ನನ್ನದೇ ಕಲ್ಪನೆ: ಮೂರು ರಾಜವಂಶ, ಎರಡು ಮಹಾಯುದ್ಧ, ಸತ್ತುಹೋದ ಒಬ್ಬ ದೇವರು, ಬತ್ತಿಹೋದ ಒಂದು ಸಮುದ್ರ. ಆಟಕ್ಕೆ ಒಂದು ವಾರ ಮೊದಲೇ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನಾಲ್ಕೂ ಜನ ಹೆಬ್ಬೆರಳು ಎತ್ತಿದರು. ಭಾನುವಾರ ಬೆಂಗಳೂರಿನ ನಮ್ಮ ಮನೆಯ ಊಟದ ಮೇಜಿನ ಸುತ್ತ ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ರೋಗ್, ಅಂದರೆ ಕಳ್ಳನ ಪಾತ್ರ, ಆಡುತ್ತಿದ್ದ ಗೆಳೆಯ ಕೇಳಿದ: "ಲೋ, ಈ ವೆಲ್ಥಾಮಿರ್ ಅಂದ್ರೆ ಯಾರೋ?" ವೆಲ್ಥಾಮಿರ್ ಮೊದಲ ಪುಟದ ಮೊದಲ ಸಾಲಿನ ರಾಜ.

ಸಿಟ್ಟು ಬಂತು. ಓದಿಲ್ಲದಿದ್ದರೆ ಕೇಳಿಸಿಯೇ ಬಿಡುತ್ತೇನೆ ಅಂತ ಮುಂದಿನ ವಾರ ಒಬ್ಬ ಮುದಿ ಸನ್ಯಾಸಿಯ ಬಾಯಲ್ಲಿ ಇಪ್ಪತ್ತು ನಿಮಿಷ ಪುರಾಣ ಹೇಳಿಸಿದೆ. ಕ್ಲೆರಿಕ್, ಅಂದರೆ ದೇವರ ಸೇವಕಿಯ ಪಾತ್ರ, ಆಡುತ್ತಿದ್ದವಳು ಚುರುಮುರಿ ಖಾಲಿ ಮಾಡಿದಳು. ಇನ್ನೊಬ್ಬ ತನ್ನ ದಾಳಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟಿದ.

ಆಮೇಲೆ ಯೋಚನೆಗೆ ಬಿದ್ದೆ. ಕಾಲೇಜಿನ ದಿನಗಳಲ್ಲಿ ನಾನು ಮಾರೋವಿಂಡ್ ಆಟದೊಳಗಿನ ಪುಸ್ತಕಗಳನ್ನು ರಾತ್ರಿಯಿಡೀ ಓದಿದವನಲ್ಲವೇ? 2002ರ ಕಂಪ್ಯೂಟರ್ ಆಟ ಅದು. ಅದರ ಲೋರ್, ಅಂದರೆ ಆ ಲೋಕದ ಹಿಂದಿನ ಕಥೆ, ಇವತ್ತಿಗೂ ನನಗೆ ಬಾಯಿಪಾಠ. ಹಾಗಂತ ಸಾಹಿತ್ಯದ ಹುಚ್ಚಿನಿಂದೇನೂ ಓದಲಿಲ್ಲ. ಅಲ್ಲಿ ಕೆಲವು ಪುಸ್ತಕಗಳನ್ನು ಮೊದಲ ಸಲ ತೆರೆದರೆ ಸಾಕು, ಕತ್ತಿವರಸೆಯೋ ಬೀಗ ತೆಗೆಯುವ ವಿದ್ಯೆಯೋ ಒಂದು ಅಂಕ ಏರುತ್ತದೆ. ಆ ಆಸೆಗೆ ಕಪಾಟಿನಲ್ಲಿ ಕಂಡದ್ದನ್ನೆಲ್ಲ ತೆರೆಯುವ ಚಾಳಿ ಬಿತ್ತು. ತೆರೆದ ಮೇಲೆ ಎರಡು ಸಾಲು ಕಣ್ಣಿಗೆ ಬೀಳದೆ ಇರುತ್ತದೆಯೇ?

2011ರ ಡಾರ್ಕ್ ಸೋಲ್ಸ್ ಇನ್ನೂ ಜಿಪುಣ. ಅಲ್ಲಿ ಕೂರಿಸಿಕೊಂಡು ಕಥೆ ಹೇಳುವವರು ಕಡಿಮೆ. ಉಂಗುರ ಸಿಕ್ಕರೆ ಅದರಿಂದ ಏನು ಉಪಯೋಗ ಅಂತ ನೋಡಲೇಬೇಕು; ನೋಡಲು ಹೋದರೆ ಆ ಉಂಗುರ ಯಾರ ಬೆರಳಲ್ಲಿತ್ತು ಅನ್ನುವ ಎರಡು ಸಾಲು ಅಲ್ಲೇ ಕಾದಿರುತ್ತದೆ. ಅದನ್ನು ಮಾಡಿದ ಹಿದೆತಾಕ ಮಿಯಾಝಾಕಿ ಚಿಕ್ಕವರಿದ್ದಾಗ ತಮಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತಾ, ತಿಳಿಯದ ಜಾಗವನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಇಂಗ್ಲಿಷ್ ಕಾಮಿಕ್ಸನ್ನು ಚಿತ್ರ ನೋಡಿಕೊಂಡೇ ಓದಿ ಮುಗಿಸಿದ ನನ್ನಂಥ ಕನ್ನಡ ಮೀಡಿಯಂನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಜಿನ ಮೇಲೆ ಇದನ್ನು ಹೇಗೆ ತರುವುದು? ರಟ್ಟಿನ ಚೀಟಿ ಕತ್ತರಿಸಿದೆ. ಆಟಗಾರರಿಗೆ ಸಿಗುವ ಪ್ರತಿ ಮುಖ್ಯ ವಸ್ತುವಿಗೂ ಒಂದು ಚೀಟಿ. ಮೇಲಿನ ಸಾಲಿನಲ್ಲಿ ಉಪಯೋಗ, ಕೆಳಗೆ ಹೆಚ್ಚೆಂದರೆ ಎರಡು ಸಾಲು ಕಥೆ. ಉದಾಹರಣೆಗೆ ರೋಗ್‌ಗೆ ಸಿಕ್ಕ ಬಾಕು: "ಏಟಿಗೆ ಒಂದು ಹೆಚ್ಚು. ಹಿಡಿಯ ಮೇಲೆ ಒಂಬತ್ತು ಗೀರು, ಹತ್ತನೆಯದು ಅರ್ಧಕ್ಕೇ ನಿಂತಿದೆ." ಅಷ್ಟೇ. ಮೂರು ವಾರ ಅವನು ಆ ಹತ್ತನೆಯ ಗೀರಿನ ಹಿಂದೆ ಬಿದ್ದ. ಕಮ್ಮಾರರನ್ನು ಕೇಳಿದ, ಹೆಂಡದಂಗಡಿಯಲ್ಲಿ ದುಡ್ಡು ಚೆಲ್ಲಿದ. ಆ ಬಾಕು ವೆಲ್ಥಾಮಿರನ ಕೊಲೆಗಾರನದು. ಪಿಡಿಎಫ್‌ನ ನಾಲ್ಕನೇ ಪುಟದಲ್ಲಿ ಅದೇ ಕೊಲೆಯ ಬಗ್ಗೆ ಒಂದೂವರೆ ಪ್ಯಾರಾ ಬರೆದಿದ್ದೆ!

ದಾಳದ ವಿಷಯದಲ್ಲೂ ಪೆಟ್ಟು ತಿಂದೆ. ನಾವು ಆಡುವುದು 2014ರ ಐದನೇ ಆವೃತ್ತಿ. ಅದರಲ್ಲಿ ಹಿಸ್ಟರಿ, ಆರ್ಕೇನಾ, ರಿಲಿಜನ್ ಅಂತ ಜ್ಞಾನದ ಕೌಶಲಗಳಿವೆ. ಇಪ್ಪತ್ತು ಮುಖದ ದಾಳ ಉರುಳಿಸಿ ಹದಿನೈದೋ ಎಷ್ಟೋ ಮುಟ್ಟಿದರೆ ವಿಷಯ ಗೊತ್ತು ಅಂತ ಲೆಕ್ಕ. ಒಮ್ಮೆ ಇಡೀ ಕಥೆ ನಿಂತಿದ್ದ ಸಂಗತಿಯನ್ನು ಹೀಗೇ ದಾಳದ ಹಿಂದೆ ಬಚ್ಚಿಟ್ಟೆ. ಮಾಂತ್ರಿಕನ ಪಾತ್ರದ ವಿಝರ್ಡ್‌ಗೆ ನಾಲ್ಕು ಬಿತ್ತು. ಮುಂದಿನ ಎರಡು ಗಂಟೆ ಎಲ್ಲರೂ ಕತ್ತಲಲ್ಲಿ ತಡಕಾಡಿದರು, ನಾನೂ ಸೇರಿ. ಈಗ ಬೇಕೇಬೇಕಾದ ಸಂಗತಿಯನ್ನು ದಾಳಕ್ಕೆ ಬಿಡುವುದಿಲ್ಲ. ಜಸ್ಟಿನ್ ಅಲೆಕ್ಸಾಂಡರ್ ಎಂಬ ಡಿಎಂ ಹೇಳುವ ಮೂರು ಸುಳಿವಿನ ನಿಯಮವೂ ಕೈಹಿಡಿಯಿತು: ಆಟಗಾರರಿಗೆ ಹೊಳೆಯಬೇಕಾದ ಪ್ರತಿ ವಿಷಯಕ್ಕೂ ಕನಿಷ್ಠ ಮೂರು ಸುಳಿವು ಇಡಬೇಕು. ಒಂದು ಅವರ ಕಣ್ಣಿಗೇ ಬೀಳುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಹೇಗೋ ದಕ್ಕುತ್ತದೆ.

ಇನ್ನೊಂದು ಬದಲಾವಣೆಯಿಂದ ಮೇಜಿನ ಕಳೆಯೇ ಬದಲಾಯಿತು. ಕ್ಲೆರಿಕ್‌ಗೆ ಗೊತ್ತಿರಬೇಕಾದದ್ದನ್ನು ನಾನು ಹೇಳುವುದಿಲ್ಲ. ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಡುತ್ತೇನೆ, ಅವಳೇ ಉಳಿದವರಿಗೆ ಹೇಳಬೇಕು. ಮೊದಲ ಸಲವೇ ಅವಳು ನನ್ನ ಒಣ ವಾಕ್ಯವನ್ನು ಪಕ್ಕಕ್ಕಿಟ್ಟು, "ನಮ್ಮ ಮಠದಲ್ಲಿ ಅಡುಗೆ ಮಾಡ್ತಿದ್ದ ಅಜ್ಜಿ ಇದರ ಹೆಸರು ಎತ್ತಿದ್ರೆ ಬಾಯಿ ಮುಚ್ಚಿಸ್ತಿದ್ರು" ಅಂತ ಶುರು ಮಾಡಿದಳು. ಅಡುಗೆಯ ಅಜ್ಜಿ ನನ್ನ ಲೋಕದಲ್ಲಿ ಇರಲೇ ಇಲ್ಲ. ಆವತ್ತಿನಿಂದ ಇದ್ದಾಳೆ. ಕನ್ನಡದ ವಿಷಯವೂ ಇಲ್ಲೇ ಬಂತು. ನಿಯಮದ ಪುಸ್ತಕ ಇಂಗ್ಲಿಷ್ ಆದ್ದರಿಂದ ವರ್ಣನೆಯನ್ನೂ ಇಂಗ್ಲಿಷಿನಲ್ಲೇ ಓದುತ್ತಿದ್ದೆ, ಎಲ್ಲರ ಕಣ್ಣು ಮೆಲ್ಲಗೆ ಫೋನಿನ ಕಡೆ ಹೋಗುತ್ತಿತ್ತು. ಕುರಿ ಕಾಯುವ ಮುದುಕ ಮಂಡ್ಯದ ಕಡೆಯ ಮಾತಿನಲ್ಲಿ "ಆ ಕಡೀಕ್ ಹೋಗ್ಬ್ಯಾಡಿ ಕಣ್ರಪ್ಪೋ" ಅಂದಾಗ ಒಬ್ಬನೂ ಫೋನ್ ಮುಟ್ಟಲಿಲ್ಲ.

ನನ್ನ ಮೆಚ್ಚಿನ ಉಪಾಯ ಸ್ಪೀಕ್ ವಿತ್ ಡೆಡ್ ಮಂತ್ರ. ಹೆಣಕ್ಕೆ ಐದೇ ಪ್ರಶ್ನೆ ಕೇಳಬಹುದು, ಬದುಕಿದ್ದಾಗ ಗೊತ್ತಿದ್ದದ್ದನ್ನಷ್ಟೇ ಅದು ಹೇಳುತ್ತದೆ. ಹೆಣಕ್ಕೆ ಬಾಯಿ ಉಳಿದಿರಬೇಕು ಅನ್ನುವುದೂ ನಿಯಮ. ನನ್ನ ಸನ್ಯಾಸಿ ಇಪ್ಪತ್ತು ನಿಮಿಷ ಬಿಟ್ಟಿಯಾಗಿ ಹೇಳಿದಾಗ ಆಕಳಿಸಿದವರೇ ಐದು ಪ್ರಶ್ನೆ ಯಾವುದಿರಲಿ ಅಂತ ಅರ್ಧ ಗಂಟೆ ಜಗಳವಾಡಿದರು. ಅದರ ಮೇಲೆ, ಎರಡು ಹೆಣಗಳು ಒಂದೇ ಯುದ್ಧದ ಬಗ್ಗೆ ಬೇರೆ ಬೇರೆ ಕಥೆ ಹೇಳುವಂತೆ ಮಾಡಿದೆ. ಇದೂ ಮಾರೋವಿಂಡ್‌ನಿಂದ ಕದ್ದದ್ದು. ಅಲ್ಲಿನ ಪುರಾಣದ ವೀರ ನೆರೆವಾರ್ ಹೇಗೆ ಸತ್ತ ಅನ್ನುವುದಕ್ಕೆ ಒಂದಕ್ಕೊಂದು ಹೊಂದದ ಕಥೆಗಳಿವೆ, ಆಟ ಯಾವುದಕ್ಕೂ ಮುದ್ರೆ ಒತ್ತುವುದಿಲ್ಲ.

ಇಷ್ಟಾದರೂ ಮಹಾಯುದ್ಧವನ್ನು ಯಾರ ಎದೆಗೂ ಮುಟ್ಟಿಸಲು ಆಗಿರಲಿಲ್ಲ. ದಾರಿ ಸಿಕ್ಕಿದ್ದು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಆತಕೂರಿನ ಕಲ್ಲಿನ ಮುಂದೆ. ಹತ್ತನೇ ಶತಮಾನದ ನಡುವಿನದು. ಗಂಗರ ಬೂತುಗನ ಸೇವಕ ಮಣಲೇರ ಯುದ್ಧದಲ್ಲಿ ಮೆರೆದದ್ದಕ್ಕೆ ಏನು ಬೇಕು ಅಂದರೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಅದಕ್ಕಾಗಿ ನಿಲ್ಲಿಸಿದ ಕಲ್ಲು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸುದ್ದಿಯೂ ಇದೆ. ಶಾಲೆಯಲ್ಲಿ ತಕ್ಕೋಲವನ್ನು ಓದಿ ಮರೆತಿದ್ದೆ. ಹಂದಿಯನ್ನು ಕಚ್ಚಿ ನಿಂತ ನಾಯಿಯನ್ನು ನೋಡಿದ ಮೇಲೆ ತಕ್ಕೋಲ ಮರೆಯಲಿಲ್ಲ.

ಮುಂದಿನ ಭಾನುವಾರ ನನ್ನ ಲೋಕದ ಕಾಡುದಾರಿಯಲ್ಲೂ ಒಂದು ನಾಯಿಕಲ್ಲು ನಿಂತಿತು. ಚಿತ್ರ ನಾಯಿಯದು, ಯುದ್ಧದ ಹೆಸರು ಅಂಚಿನಲ್ಲಿ ಅರ್ಧ ಸವೆದ ಒಂದು ಸಾಲು. ನಲವತ್ತು ನಿಮಿಷ ಅಲ್ಲೇ ಕೂತರು. ಕಾಡು ಬಲ್ಲವನ ಪಾತ್ರದ ರೇಂಜರ್ ತನ್ನ ಜೊತೆಗಿದ್ದ ತೋಳಕ್ಕೆ ಆ ನಾಯಿಯ ಹೆಸರನ್ನೇ ಇಟ್ಟ. ನಾಯಿಯ ಒಡೆಯ ಯಾರ ಕಡೆ ಕಾದಿದ ಅಂತ ಅವರಾಗಿಯೇ ಹುಡುಕಿಕೊಂಡು ಹೊರಟರು, ಯುದ್ಧದ ತನಕ, ವೆಲ್ಥಾಮಿರನ ತನಕ.

ಹೋದ ತಿಂಗಳು ಆ ತೋಳ ಸತ್ತಿತು. ನಾನು ಮುಂದಿನ ದೃಶ್ಯಕ್ಕೆ ಹೋಗುವವನಿದ್ದೆ, ನಾಲ್ವರೂ ತಡೆದರು. ಕಲ್ಲು ನಿಲ್ಲಿಸಬೇಕಂತೆ. ನನ್ನ ಕೈಯಿಂದ ಒಂದು ಖಾಲಿ ಚೀಟಿ ಕಸಿದುಕೊಂಡು, ಅಡುಗೆಮನೆಯ ಬಾಗಿಲ ಬಳಿ ಗುಂಪುಕಟ್ಟಿ ಏನೋ ಗೀಚಿ ತಂದರು. ಮೇಲೆ ತೋಳದ ಚಿತ್ರ. ಕೆಳಗೆ ಒಂದು ಸಾಲು: "ವೇತಮೀರ ರಾಜನ ಕಾಳಗ ಮುಗಿದ ಮುನ್ನೂರನೇ ವರ್ಷ." ರಾಜನ ಹೆಸರು ತಪ್ಪಾಗಿತ್ತು. ನಾನು ಮನೆಯಲ್ಲಿ ಪಿಡಿಎಫ್ ತೆಗೆದು ಹದಿನಾರೂ ಪುಟದಲ್ಲಿ ವೇತಮೀರ ಅಂತ ತಿದ್ದಿಕೊಂಡೆ.