ಐದು ಮರ, ಒಂದು ಬಂಡೆ, ಆರು ಜನ

ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ, ಆರು ಜನ ಬೆಂಗಳೂರಿನ ಲಾಲ್‌ಬಾಗ್‌ಗೆ ಹೋಗಿ ಐದು ಮರ, ಒಂದು ಬಂಡೆಯ ಬಳಿ ಅರ್ಧರ್ಧ ಗಂಟೆ ಕೂತು ಬರುವ ಯೋಜನೆಯನ್ನು ಬಾಯಿಬಿಟ್ಟು ಹೇಳಿದಾಗ ನಕ್ಕವರೇ ಹೆಚ್ಚು. ‘ತೋಟ ನೋಡಲು ಬೆಂಗಳೂರಿಗೆ ಹೋಗಬೇಕೇ? ದಾವಣಗೆರೆಯಲ್ಲೇ ಗಾಜಿನ ಮನೆ ಇದೆಯಲ್ಲ’ ಎಂದರು ಒಬ್ಬರು. ‘240 ಎಕರೆಯ ಲಾಲ್‌ಬಾಗ್‌ನಲ್ಲಿ ಆರೇ ಜಾಗ ನೋಡಿ ಬರುತ್ತಾರಂತೆ!’ ಎಂದು ಇನ್ನೊಬ್ಬರು. ಈಗ ಅವರೇ ಮುಂದಿನ ಮಾರ್ಚ್ ಪಟ್ಟಿಯಲ್ಲಿ ಹೆಸರು ಸೇರಿಸಿ ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪ್ರವಾಸ ಹೊರಡಿಸಿ ಕೈ ಸುಟ್ಟುಕೊಂಡವರಿಗೆ ವಂತಿಗೆ ಎತ್ತುವುದನ್ನು, ಟಿಕೆಟ್ ಕಾಯ್ದಿರಿಸುವುದನ್ನು ನಾನು ಹೇಳಿಕೊಡಬೇಕಿಲ್ಲ. ಎಲ್ಲೆಲ್ಲಿ ಎಡವಿದೆ ಎಂಬುದನ್ನು ಹೇಳುತ್ತೇನೆ.

ಮೊದಲ ಸಲ ಟೆಂಪೊ ಟ್ರಾವೆಲರ್, ಹನ್ನೆರಡು ಜನ. ನಾಲ್ಕಕ್ಕೆ ಹೊರಡಬೇಕಾದದ್ದು ಐದೂವರೆಗೆ ಹೊರಟಿತು. ಹಿರಿಯೂರಿನಲ್ಲಿ ಚಹಾ, ಶಿರಾದಲ್ಲಿ ತಿಂಡಿ, ನೆಲಮಂಗಲದಿಂದ ಮುಂದೆ ಆಮೆ ನಡಿಗೆ. ತೋಟದ ಬಾಗಿಲಿಗೆ ಬಂದಾಗ ಹನ್ನೊಂದೂವರೆ, ನೆತ್ತಿ ಸುಡುವ ಬಿಸಿಲು. ಗಾಜಿನ ಮನೆಯ ಮುಂದೊಂದು ಫೋಟೊ, ಹೂವಿನ ಗಡಿಯಾರದ ಮುಂದೊಂದು ಫೋಟೊ, ಆಮೇಲೆ ‘ಊಟ ಎಲ್ಲಿ?’ ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದಿತ್ತು. ಬಾಡಿಗೆ, ಟೋಲ್, ಚಾಲಕನ ಭತ್ಯೆ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಗಂಟೆಗೆ ಹತ್ತು ಸಾವಿರ ಕೊಟ್ಟು ನೋಡಿದ ತೋಟ ಅದು. ಇಬ್ಬರ ಪಾಲು ಇವತ್ತಿಗೂ ಬಂದಿಲ್ಲ. ಅವರು ಇದನ್ನು ಓದುತ್ತಾರೆ ಎಂದು ನನಗೆ ಗೊತ್ತು.

ಎರಡನೆಯ ಸಲ ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋದೆವು. ಹೂವಿಗಿಂತ ಜನರ ಬೆನ್ನುಗಳನ್ನೇ ಹೆಚ್ಚು ನೋಡಿದೆವು.

ಮೂರನೆಯ ಸಲ ತಿಂಗಳು ಸರಿಯಿತ್ತು, ರೈಲು ಸರಿಯಿತ್ತು, ತಪ್ಪು ಮಾತ್ರ ಪೂರ್ತಿ ನನ್ನದೇ. ಮೂವತ್ತೆರಡು ಮರಗಳ ಪಟ್ಟಿಯನ್ನು ಟೈಪ್ ಮಾಡಿಸಿ ಎಲ್ಲರ ಕೈಗೂ ಕೊಟ್ಟಿದ್ದೆ. ಒಂಬತ್ತನೆಯ ಮರದ ಹೊತ್ತಿಗೆ ಗುಂಪು ದಂಗೆ ಎದ್ದಿತು. ‘ಇದೇನು ಮರಗಳ ಹಾಜರಿ ಪುಸ್ತಕವೇ?’ ಎಂದು ಹತ್ತಿ ಗಿರಣಿಯಲ್ಲಿ ದುಡಿದ ಗೆಳೆಯನೊಬ್ಬ ಪಟ್ಟಿಯನ್ನು ಮಡಚಿ ಬೀಸಣಿಗೆ ಮಾಡಿಕೊಂಡ. ಆ ಬೀಸಣಿಗೆ ನೋಡಿಯೇ ನನಗೆ ಬುದ್ಧಿ ಬಂತು.

ಕಳೆದ ಮಾರ್ಚ್‌ನಲ್ಲಿ ಆರೇ ಜನ ಹೊರಟೆವು. ತಿಂಗಳ ಮುಂಚೆಯೇ ಒಬ್ಬೊಬ್ಬರಿಗೆ ಒಂದೊಂದು ಮರವನ್ನು ವಹಿಸಿಕೊಟ್ಟೆ. ಆ ಮರಕ್ಕೆ ಅವರೇ ಯಜಮಾನರು. ಉಳಿದ ಐವರು ಅಲ್ಲಿ ಅರ್ಧ ಗಂಟೆ ಅತಿಥಿಗಳು. ಜಮಖಾನೆ ಹಾಸಿ ಕೂರಬೇಕು. ಮೊಬೈಲ್‌ಗಳೆಲ್ಲ ಬಟ್ಟೆಯ ಚೀಲಕ್ಕೆ. ಮೊದಲ ಹತ್ತು ನಿಮಿಷ ಯಜಮಾನರು ಮರದ ಹೆಸರು ಹೇಳುವಂತಿಲ್ಲ. ಇಷ್ಟೇ ವಿಧಾನ. ಹಾಳೆಯ ಮೇಲೆ ಮಕ್ಕಳಾಟದಂತೆ ಕಾಣುತ್ತದೆ, ನಿಜ.

ರಾತ್ರಿ ರೈಲಿನಲ್ಲಿ ಹೋಗಿ ಯಶವಂತಪುರದಲ್ಲಿ ಇಳಿಯಬೇಕು. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ನೇರವಾಗಿ ಲಾಲ್‌ಬಾಗ್ ನಿಲ್ದಾಣಕ್ಕೆ ಹೋಗುತ್ತದೆ. ನಡುವೆ ಬದಲಾಯಿಸುವುದೂ ಇಲ್ಲ, ಆಟೊ ಚೌಕಾಸಿಯೂ ಇಲ್ಲ. ಆರೂಮುಕ್ಕಾಲಿಗೆ ಪಶ್ಚಿಮ ದ್ವಾರದ ಒಳಗಿದ್ದೆವು. ದಿನವನ್ನು ಹೇಗೆ ಆರಿಸುತ್ತೀರಿ ಎಂದು ಕೇಳುತ್ತಾರೆ. ನಮ್ಮ ಐದು ಮರಗಳಲ್ಲೊಂದಾದ ಟಬೂಬಿಯಾದ ಹಳದಿ ಹೂವು ನಮಗಾಗಿ ಕಾಯುವುದಿಲ್ಲ, ನಾಲ್ಕು ದಿನ ತಡವಾದರೆ ಹೂವೆಲ್ಲ ನೆಲದ ಮೇಲೆ. ನಮ್ಮ ಬೀದಿಯ ಒಂದು ಮರ ಚಿಗುರುವುದನ್ನು ನೋಡಿ ನಾನು ಲೆಕ್ಕ ಹಾಕುತ್ತೇನೆ. ಅದು ಯಾವ ಮರ ಎಂಬುದು ನನ್ನಲ್ಲೇ ಇರಲಿ.

ಗಿರಣಿ ಗೆಳೆಯನಿಗೆ ಕೆರೆಯ ಬಳಿಯ ಹಳೆಯ ಬಿಳಿ ಬೂರುಗವನ್ನು ವಹಿಸಿದ್ದೆ. ಅದರ ಹಲಗೆಯಂತೆ ಮೇಲೆದ್ದ ಬೇರುಗಳ ನಡುವೆ ನಿಂತರೆ ಮನುಷ್ಯ ಸೊಂಟದವರೆಗೆ ಮರೆಯಾಗುತ್ತಾನೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ನೂಲಿನ ನಡುವೆ ಬದುಕಿದವ ಅವನು. ಗಾಳಿಗೆ ಹಾರಿಬಂದ ಅರಳೆ ಹೆಗಲ ಟವೆಲ್‌ಗೆ ಅಂಟಿಕೊಂಡಿತು. ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಹೊಸೆದ. ಎಳೆ ಬರಲಿಲ್ಲ. ಎಂಜಲು ಹಚ್ಚಿ ಹೊಸೆದ. ಜಾರಿತು. ‘ನುಣುಪು ಜಾಸ್ತಿ, ಒಂದನ್ನೊಂದು ಹಿಡಿಯುವುದಿಲ್ಲ. ದಿಂಬಿಗೆ ಸರಿ, ನೂಲಿಗೆ ಅಲ್ಲ’ ಎಂದು ತೀರ್ಪು ಕೊಟ್ಟ. ಓದಿಕೊಂಡು ಬಾ ಎಂದು ನಾನು ಕೊಟ್ಟಿದ್ದ ಹಾಳೆಯನ್ನು ಅವನು ತೆರೆದೇ ಇರಲಿಲ್ಲ. ಅರ್ಧ ಗಂಟೆ ಎಂದದ್ದು ಮುಕ್ಕಾಲು ಗಂಟೆಯಾಯಿತು. ಯಾರೂ ಗಡಿಯಾರ ನೋಡಲಿಲ್ಲ. ಗೆದ್ದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಚಿತ್ರದುರ್ಗದ ಮೇಷ್ಟರು ಮರವೇ ಬೇಡ ಎಂದರು. ‘ನಾವು ಕಲ್ಲಿನ ಊರಿನವರು, ನನಗೆ ಬಂಡೆ ಕೊಡಿ’ ಎಂದು ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಹಿಡಿದರು. ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಒಡೆದು ಬೇರೆ ಜಿಲ್ಲೆಯಾದದ್ದನ್ನು ಅವರು ಇನ್ನೂ ಮನಸ್ಸಿನಲ್ಲಿ ಒಪ್ಪಿಲ್ಲ. ನಮ್ಮೆದುರು ಏಳು ಸುತ್ತಿನ ಕೋಟೆಯ ಕಲ್ಲನ್ನು ಮೆರೆಸಲು ಸಿಕ್ಕ ಅವಕಾಶವನ್ನು ಬಿಡುತ್ತಾರೆಯೇ? ಆದರೆ ಓದಿಕೊಂಡು ಬಂದಿದ್ದ ಪ್ರಾಮಾಣಿಕರು. ದುರ್ಗದ ಗ್ರಾನೈಟ್‌ಗೆ ಸುಮಾರು 260 ಕೋಟಿ ವರ್ಷ, ಈ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ. ‘ಅಣ್ಣ ಇವನೇ’ ಎಂದು ಬಂಡೆಯನ್ನು ತಟ್ಟಿ ಸುಮ್ಮನೆ ಕೂತರು. ಗಾಜಿನ ಮನೆಯ ಮುಂದೆ ನಮ್ಮವನೊಬ್ಬ ‘ನಮ್ಮೂರಿನದೇ ಚೆಂದ’ ಎಂದು ಶುರು ಮಾಡಿದಾಗ ಅವರು ಸೇಡು ತೀರಿಸಿಕೊಂಡರು: ‘ಇದು 1889ರದ್ದು. ನಿಮ್ಮದಕ್ಕೆ ಇನ್ನೂ ಹಾಲುಹಲ್ಲು.’

ಸೀತಾ ಅಶೋಕದ ಬಳಿ ಹೆಚ್ಚೇನೂ ನಡೆಯಲಿಲ್ಲ. ಕಾಂಪೌಂಡ್ ಪಕ್ಕ ಕಂಬದಂತೆ ಬೆಳೆಯುವುದೇ ಅಶೋಕ ಎಂದುಕೊಂಡಿದ್ದ ಇಬ್ಬರು ಕೊಂಬೆಗೇ ಕಚ್ಚಿದ ಕಿತ್ತಳೆ ಗೊಂಚಲು ನೋಡಿ ಸ್ವಲ್ಪ ನಾಚಿದರು. ನನ್ನ ಪಾಲಿನ ನಾಗಲಿಂಗದ ಬಗ್ಗೆ ನಾನು ಹೆಚ್ಚು ಮಾತಾಡಿದೆ ಎಂಬ ದೂರಿದೆ, ಇರಲಿ. ನೀರುಕಾಯಿ ಮರದ ಕೆಳಗೆ ಮಾತ್ರ ಶಿಸ್ತು ಹಾಳಾಯಿತು. ಬಿದ್ದಿದ್ದ ಕಂದು ಮೊಗ್ಗುಗಳನ್ನು ಹೆಕ್ಕಿ, ತುದಿ ಚಿವುಟಿ, ಅರವತ್ತು ದಾಟಿದವರು ಒಬ್ಬರ ಮುಖಕ್ಕೊಬ್ಬರು ನೀರು ಚಿಮ್ಮಿಸಿದರು. ವಾಯುವಿಹಾರಕ್ಕೆ ಬಂದ ಹೆಂಗಸರು ದಾರಿ ಬದಲಿಸಿದರು.

ನಡುವೆ ನನ್ನದೊಂದು ಹುಚ್ಚು ಪ್ರಯೋಗವೂ ಇತ್ತು. ಮನೆಯ ಗೋಡೆಯ ಥರ್ಮಾಮೀಟರ್ ಕಿತ್ತುಕೊಂಡು ಹೋಗಿದ್ದೆ. ಹತ್ತು ಗಂಟೆಯ ಹೊತ್ತಿಗೆ ಬೂರುಗದ ನೆರಳಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ, ಬಂಡೆಯ ಮೇಲೆ ಇಟ್ಟರೆ ಮೂವತ್ತೇಳು. ಮುಂದಿನ ಸಲ ಬಂಡೆ ಮೊದಲು, ಬೂರುಗ ಕೊನೆಗೆ.

ಮಂಡಕ್ಕಿಯ ಪಾಠವೂ ದುಬಾರಿಯಾಗಿಯೇ ಬಂದದ್ದು. ಮೂರನೆಯ ಸಲ ಮನೆಯಲ್ಲೇ ಒಗ್ಗರಣೆ ಕಲಸಿ ಒಯ್ದು, ಬೆಳಿಗ್ಗೆ ಡಬ್ಬಿ ತೆರೆದರೆ ಒದ್ದೆ ಹತ್ತಿ. ಈ ಸಲ ಭಟ್ಟಿಯಿಂದ ತಂದ ಗರಿ ಮಂಡಕ್ಕಿ ಬೇರೆ, ಒಗ್ಗರಣೆ ಸ್ಟೀಲ್ ಡಬ್ಬಿಯಲ್ಲಿ ಬೇರೆ. ಒಳಗೆ ಹೋಗುವ ಮುಂಚೆ ಹೊರಗಿನ ಕಟ್ಟೆಯ ಮೇಲೆ ಕಲಸಿದೆವು. ಮಿರ್ಚಿ ಒಯ್ಯಬೇಡಿ, ಅದು ತುಮಕೂರಿನವರೆಗೂ ಬದುಕುವುದಿಲ್ಲ. ಒಗ್ಗರಣೆಗೆ ನನ್ನ ಹೆಂಡತಿ ಹಾಕಿದ ಪುಡಿಯನ್ನು ಹೇಳಲು ನನಗೆ ಅಪ್ಪಣೆಯಿಲ್ಲ.

ಖರ್ಚು: ರೈಲು ಹೋಗಿ ಬರಲು ತಲೆಗೆ ಐನೂರರ ಒಳಗೆ, ಮೆಟ್ರೊ, ಕಾಫಿ ಎರಡು ಸಲ, ಮಧ್ಯಾಹ್ನದ ಊಟ. ಎಲ್ಲ ಸೇರಿ ಎಂಟುನೂರೈವತ್ತರ ಆಸುಪಾಸು. ಸಾವಿರದಂತೆ ಎತ್ತಿದ್ದೆ. ದಾವಣಗೆರೆ ನಿಲ್ದಾಣದಲ್ಲಿ ಇಳಿದ ಕೂಡಲೇ ಒಬ್ಬೊಬ್ಬರ ಕೈಗೂ ನೂರೈವತ್ತು ವಾಪಸ್ ಇಟ್ಟೆ. ವಂತಿಗೆ ವಾಪಸ್ ಕೊಟ್ಟ ಸಂಘಟಕನನ್ನು ನೀವು ಕಂಡಿದ್ದರೆ ಹೇಳಿ.

ಚಿಕ್ಕಜಾಜೂರು ದಾಟುವಾಗ ಗಿರಣಿ ಗೆಳೆಯ ಇನ್ನೂ ಆ ಅರಳೆಯನ್ನು ಹೊಸೆಯುತ್ತಲೇ ಇದ್ದ. ಮುಂದಿನ ವರ್ಷಕ್ಕೆ ಟಬೂಬಿಯಾ ತೆಗೆದುಕೋ ಎಂದೆ. ತಲೆ ಎತ್ತದೆಯೇ, ‘ಬೂರುಗ ಬೇರೆಯವರಿಗೆ ಕೊಟ್ಟರೆ ನಾನು ಬರುವುದಿಲ್ಲ’ ಎಂದ.