ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ: ಬೇಸಿಗೆ ಇಂಟರ್ನ್‌ಶಿಪ್‌ಗೆ ಬರುವವರು ತಿಳಿದಿರಬೇಕಾದ್ದು

ಮೈಸೂರು, ಮಂಡ್ಯ ಕಡೆ ವನ್ಯಜೀವಿ ಪ್ರಚಾರದ ಕೆಲಸಕ್ಕೆ ಸೇರುವ ವಿದ್ಯಾರ್ಥಿಗಳು ಮೊದಲ ದಿನವೇ ಪೋಸ್ಟರ್ ಮಾಡಲು ಕ್ಯಾನ್ವಾ ತೆರೆದು ಕೂರುತ್ತಾರೆ. ಹುಲಿಯ ಮುಖ, ಹಸಿರು ಹಿನ್ನೆಲೆ, ‘ಕಾಡು ಉಳಿಸಿ’. ಓದಿದವರು ಹೌದೌದು ಅಂದು ಮುಂದೆ ಹೋಗುತ್ತಾರೆ. ಅವರು ಮಾಡಬೇಕಾದ ಕೆಲಸ ಏನೂ ಅದರಲ್ಲಿ ಇರುವುದಿಲ್ಲವಲ್ಲ. ಎಂಟು ವಾರದ ಇಂಟರ್ನ್‌ಶಿಪ್‌ನಲ್ಲಿ ಮೊದಲ ಹತ್ತು ದಿನ ಲ್ಯಾಪ್‌ಟಾಪ್ ಮುಟ್ಟದಿದ್ದರೆ ನಷ್ಟವಿಲ್ಲ.

ಮೊದಲು ವಿಷಯ ಕಿರಿದು ಮಾಡಿಕೊಳ್ಳಿ. ‘ಮಾನವ–ವನ್ಯಜೀವಿ ಸಂಘರ್ಷ’ ಎಂಬುದು ವಿಷಯವಲ್ಲ, ಶೀರ್ಷಿಕೆ. ‘ಕಬ್ಬು ಕಡಿಯುವಾಗ ಚಿರತೆ ಮರಿ ಸಿಕ್ಕರೆ ಏನು ಮಾಡಬೇಕು’ ಎಂಬುದು ವಿಷಯ. ಊರು ಮೂರು ಸಾಕು. ಹತ್ತು ಊರು ಸುತ್ತಿದವರ ವರದಿಯಲ್ಲಿ ಫೋಟೊ ಜಾಸ್ತಿ ಇರುತ್ತದೆ, ಅಷ್ಟೆ. ಕೆಲಸ ಜೂನ್ ಹೊತ್ತಿಗೆ ಮುಗಿದಿರಬೇಕು. ಮಂಡ್ಯ ಕಡೆಯ ಕಾರ್ಖಾನೆಗಳು ಸಾಮಾನ್ಯವಾಗಿ ಜೂನ್–ಜುಲೈನಲ್ಲಿ ಕಬ್ಬು ಅರೆಯಲು ಶುರು ಮಾಡುತ್ತವೆ. ಕಡಿಯುವ ಗ್ಯಾಂಗುಗಳು ಗದ್ದೆಗೆ ಇಳಿದ ಮೇಲೆ ಮಾತು ತಲುಪಿದರೆ ತಡವಾಯಿತು.

ಜನ ಎಲ್ಲಿ ಸಿಗುತ್ತಾರೆ? ಶಾಲೆ ಕಾರ್ಯಕ್ರಮ ಅಂತ ಬರೆದುಕೊಂಡು ಬರುವವರೇ ಹೆಚ್ಚು, ಆದರೆ ಏಪ್ರಿಲ್–ಮೇನಲ್ಲಿ ಶಾಲೆಗೆ ರಜೆ. ಮಕ್ಕಳು ಬೇಕಿದ್ದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುವಲ್ಲಿಗೆ ಹೋಗಿ. ದೊಡ್ಡವರಿಗೆ ಹಾಲಿನ ಡೈರಿಗಿಂತ ಒಳ್ಳೆಯ ಜಾಗ ಇಲ್ಲ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ಕ್ಯಾನು ಹಿಡಿದು ಒಬ್ಬೊಬ್ಬರು ಐದು ನಿಮಿಷ ನಿಂತಿರುತ್ತಾರೆ, ನಿಮ್ಮ ಮಾತು ಎರಡು ನಿಮಿಷದಲ್ಲಿ ಮುಗಿಯಬೇಕು. ಕೆರೆ ಹೂಳೆತ್ತುವ ಕೂಲಿಯವರು ನೆರಳಿಗೆ ಕೂತ ಹೊತ್ತೂ ಒಳ್ಳೆಯದೇ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಊರಿಗೆ ಹೋಗಬೇಡಿ, ನಾಯಿಯೂ ಎದ್ದು ಬೊಗಳುವುದಿಲ್ಲ.

ಹೋಗುವ ಮೊದಲು ಎರಡು ಪತ್ರ: ಪಂಚಾಯಿತಿ ಪಿಡಿಒಗೆ ಒಂದು, ಅರಣ್ಯ ಇಲಾಖೆಯ ವಲಯ ಅಧಿಕಾರಿಗೆ ಒಂದು. ಇಲ್ಲಿ ಎಡವುವವರು ಬಹಳ. ರಂಗನತಿಟ್ಟು, ಕೊಕ್ಕರೆಬೆಳ್ಳೂರು ಮಂಡ್ಯ ಜಿಲ್ಲೆಯಲ್ಲಿದ್ದರೂ ಅವುಗಳ ಉಸ್ತುವಾರಿ ಮೈಸೂರು ವನ್ಯಜೀವಿ ವಿಭಾಗದ್ದು. ಪತ್ರ ಬೇರೆ ಕಚೇರಿಗೆ ಹೋದರೆ ವಾರಗಟ್ಟಲೆ ಅಲ್ಲೇ ಕೂತಿರುತ್ತದೆ.

ಮೊದಲ ಹತ್ತು ದಿನ ಕೇಳುವ ಕೆಲಸ. ಊರಿಗೆ ಇಪ್ಪತ್ತು ಜನರಾದರೂ ಆಗಲಿ, ಹೆಂಗಸರು ಅರ್ಧ. ಅವರು ಬಳಸುವ ಪದ ಹಾಗೇ ಬರೆದುಕೊಳ್ಳಿ. ಹಳಬರು ‘ಕಿರುಬ’ ಅಂದರೆ ಚಿರತೆಯೋ ಕತ್ತೆಕಿರುಬವೋ ಅಂತ ಬಿಡಿಸಿ ಕೇಳಿ. ನೀವು ಮರಿಯ ವಿಷಯ ಎತ್ತಿದರೆ ಅವರು ಕೇಳುವುದು ‘ನನ್ ಕರ ಹೋಯ್ತಲ್ಲ, ಅದ್ಕೇನ್ ಪರಿಹಾರ?’ ಎಂದು. ಇದಕ್ಕೆ ಉತ್ತರ ಇಲ್ಲದೆ ಹೋದವರ ಮಾತನ್ನು ಮುಂದೆ ಯಾರೂ ಕೇಳುವುದಿಲ್ಲ. ಸತ್ತ ದನವನ್ನು ಎಳೆದು ಹಾಕದೆ ಇದ್ದಲ್ಲೇ ಬಿಡಬೇಕು, ಫೋಟೊ ತೆಗೆಯಬೇಕು, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು, ಪಶುವೈದ್ಯರ ಮರಣೋತ್ತರ ಪರೀಕ್ಷೆ ಆಗಬೇಕು. ಮೊತ್ತ ಎಷ್ಟು ಎಂಬುದು ಸರ್ಕಾರಿ ಆದೇಶದೊಂದಿಗೆ ಬದಲಾಗುತ್ತದೆ. ಚಾಲ್ತಿಯ ಆದೇಶದ ಪ್ರತಿಯನ್ನು ವಲಯ ಕಚೇರಿಯಲ್ಲಿ ಕೇಳಿ ಜೇಬಲ್ಲಿ ಇಟ್ಟುಕೊಳ್ಳಿ.

ಇನ್ನು ಮರಿಯ ವಿಷಯ. ಬೆಳೆದ ಕಬ್ಬಿನ ಗದ್ದೆ ತಂಪು, ದಟ್ಟ, ಮರಿ ಹಾಕಲು ಹೇಳಿಮಾಡಿಸಿದಂತಿರುತ್ತದೆ. ಹಗಲು ತಾಯಿ ದೂರ ಇದ್ದಾಗ ಕಡಿಯುವವರಿಗೆ ಮರಿ ಕಾಣುತ್ತವೆ, ‘ಅನಾಥ’ ಅಂದುಕೊಂಡು ಎತ್ತಿಕೊಂಡು ಊರಿಗೆ ತರುತ್ತಾರೆ. ಆಗಲೇ ಅವು ಅನಾಥ ಆಗುವುದು. ಆ ಜಾಗದ ಕಡಿತ ನಿಲ್ಲಿಸಿ ಎಲ್ಲರೂ ಹೊರಗೆ ಬಂದು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಎತ್ತಿಬಿಟ್ಟಿದ್ದರೂ ಕೆಟ್ಟಿಲ್ಲ: ಇಲಾಖೆಯವರು ಸಂಜೆ ಅದೇ ಜಾಗದಲ್ಲಿ ಮರಿ ಇಟ್ಟು, ಪ್ರಾಣಿ ಬಂದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುತ್ತಾರೆ. ಸುತ್ತ ಜನ ಇಲ್ಲದಿದ್ದರೆ ತಾಯಿ ರಾತ್ರಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುವುದು ಎಷ್ಟೋ ಸಲ ಆಗಿದೆ. ಮನುಷ್ಯರ ವಾಸನೆ ತಗುಲಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತನ್ನು ನೀವೂ ನಂಬಬೇಡಿ. ತಾಯಿ ಬರದಂತೆ ಮಾಡುವುದು ನೋಡಲು ನಿಂತ ಗುಂಪು. ಇನ್ನೊಂದು ವಿಷಯ, ಕಬ್ಬಿನಲ್ಲಿ ಸಿಗುವುದೆಲ್ಲ ಚಿರತೆ ಮರಿ ಅಲ್ಲ. ಕಾಡುಬೆಕ್ಕಿನ ಮರಿಗೆ ಮಣ್ಣಿನ ಬಣ್ಣ, ಮೈಮೇಲೆ ಮಸುಕು ಪಟ್ಟೆ. ಚಿರತೆ ಮರಿಗೆ ಬೂದುಮೈ ಆದರೂ ಚುಕ್ಕೆ ಒತ್ತಾಗಿರುತ್ತದೆ. ಎರಡರ ಚಿತ್ರವನ್ನೂ ಪಕ್ಕಪಕ್ಕ ಹಾಕಿ. ಎರಡನ್ನೂ ಮುಟ್ಟಬಾರದು ಎಂಬುದು ಮಾತ್ರ ಒಂದೇ.

ಇಷ್ಟನ್ನೂ ಪೋಸ್ಟರಿಗೆ ತುಂಬಬೇಡಿ. ಮೂರೇ ಸಾಲು:

ಮರಿ ಮುಟ್ಟಬೇಡಿ.
ಕಡಿತ ನಿಲ್ಲಿಸಿ, ಹೊರಗೆ ಬನ್ನಿ.
1926ಕ್ಕೆ ಫೋನ್ ಮಾಡಿ.

ಎ3 ಹಾಳೆ ಸಾಕು. ಮೂರು ಮೀಟರ್ ದೂರದಿಂದ ಓದಬೇಕೆಂದರೆ ಅಕ್ಷರ ಎರಡೂವರೆ ಸೆಂಟಿಮೀಟರ್ ಎತ್ತರ ಇರಬೇಕು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಒಂದೂವರೆ ಪಟ್ಟಿನ ಹತ್ತಿರ. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ಸಿಕ್ಕಿಕೊಳ್ಳುತ್ತದೆ. ಪ್ರೆಸ್ಸಿನಲ್ಲಿ ಇನ್ನೊಂದು ಗಂಡಾಂತರ. ನೀವು ಟೈಪ್ ಮಾಡಿದ್ದು ಯೂನಿಕೋಡ್, ಅವರ ಹಳೆಯ ಕೋರೆಲ್ ಡ್ರಾದಲ್ಲಿ ಇರುವುದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟು. ಅಂಟಿಸಿದ ಕೂಡಲೇ ‘ಮುಟ್ಟಬೇಡಿ’ ಹೋಗಿ ‘ಮುಟ್‌ಟಬೇಡಿ’ ಆಗುತ್ತದೆ, ಅರ್ಧ ರಾತ್ರಿಯಲ್ಲಿ ಯಾರೂ ನೋಡದೆ ಇನ್ನೂರು ಪ್ರತಿ ಅಚ್ಚಾಗುತ್ತದೆ. ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿದ, ಅಂದರೆ ಫಾಂಟು ಬೇಡದ ಆಕಾರವಾಗಿಸಿದ ಪಿಡಿಎಫ್ ಮಾತ್ರ ಕೊಡಿ, ಒಂದು ಪ್ರತಿ ಕೈಗೆ ಬಂದು ಓದಿದ ಮೇಲೆ ಉಳಿದದ್ದು. ಬ್ಯಾನರ್ ಬೇಕಿದ್ದರೆ ಬಟ್ಟೆಯದು: ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ, ಪರಿಸರದ ಮಾತು ಫ್ಲೆಕ್ಸಿನ ಮೇಲೆ ಇದ್ದರೆ ನಗುವವರು ನಗುತ್ತಾರೆ.

ಹಲ್ಲು ಕಿರಿದ ಚಿರತೆಯ ಚಿತ್ರ ಹಾಕಬೇಡಿ. ಅದನ್ನು ನೋಡಿದ ಊರು ಕೇಳುವುದು ಬೋನು, ಸಹಾಯವಾಣಿ ನಂಬರ್ ಅಲ್ಲ. ಹಾಗೆಂದು ಮುದ್ದು ಮಾಡಿ ತೋರಿಸುವುದೂ ಬೇಡ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಕೆಲವೇ ತಿಂಗಳಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅಂಥ ಕಡೆ ‘ಚಿರತೆ ನಮ್ಮ ಮಿತ್ರ’ ಅಂತ ಶುರು ಮಾಡಿದರೆ ಎದ್ದು ಹೋಗುತ್ತಾರೆ, ಹೋಗಬೇಕಾದ್ದೇ. ಅಲ್ಲಿ ಮೊದಲ ಮಾತು ಸಂಜೆ ಹೊತ್ತು ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು, ಟಾರ್ಚು, ಗಟ್ಟಿಯಾದ ಕೊಟ್ಟಿಗೆ ಬಾಗಿಲು.

ವಾಟ್ಸಾಪಿಗೆ ವಿಡಿಯೊಗಿಂತ ಧ್ವನಿ ಸಂದೇಶ ಚೆನ್ನಾಗಿ ಓಡುತ್ತದೆ. ಒಂದು ನಿಮಿಷ ದಾಟಬಾರದು, ಊರಿನವರ ಬಾಯಲ್ಲೇ ಇರಬೇಕು. ‘ಅಣ್ಣಾ, ಕಬ್ಬು ಕಡಿವಾಗ ಮರಿ ಸಿಕ್ಕುದ್ರೆ ಮುಟ್ಬೇಡಿ, ಅಲ್ಲೇ ಬುಟ್ಟು ಆಚೆ ಬನ್ನಿ’ ಎಂದು ಗ್ಯಾಂಗಿನ ಮೇಸ್ತ್ರಿ ಹೇಳಿದರೆ ಕೇಳುತ್ತಾರೆ, ನಿಮ್ಮ ಪುಸ್ತಕದ ಕನ್ನಡಕ್ಕೆ ಕಿವಿ ಕೊಡುವುದಿಲ್ಲ. ಹೊರ ಜಿಲ್ಲೆಯಿಂದ ಬಂದ ಗ್ಯಾಂಗ್ ಆದರೆ ಅವರ ಮೇಸ್ತ್ರಿಯಿಂದಲೇ ಇನ್ನೊಮ್ಮೆ ಹೇಳಿಸಿ. ಮಾರನೇ ದಿನ ಡೈರಿಯಲ್ಲಿ ಐದು ಜನರನ್ನು ಕೇಳಿ: ನಂಬರ್ ಯಾವುದು? ಐವರಲ್ಲಿ ಇಬ್ಬರಿಗಾದರೂ ನೆನಪಿಲ್ಲದಿದ್ದರೆ ಸಂದೇಶ ತಿದ್ದಿ.

ಫೋಟೊ ವಿಷಯದಲ್ಲಿ ಬಿಗಿಯಾಗಿರಿ. ಮರಿ, ಗೂಡು ಇರುವ ಜಾಗದ ಹೆಸರು ಹಾಕಬೇಡಿ, ಫೋನಿನ ಲೊಕೇಶನ್ ಆರಿಸಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಚಿತ್ರದಲ್ಲಿ ಜಾಗದ ಮಾಹಿತಿ ಹಾಗೇ ಉಳಿದಿರುತ್ತದೆ. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿ ಮನೆ ಹಿಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತದೆ. ಮರದ ಚಿತ್ರ ತೆಗೆದರೆ ಮನೆಯೂ ಬರುತ್ತದೆ, ಆದ್ದರಿಂದ ಮನೆಯವರನ್ನು ಮೊದಲು ಕೇಳಿ. ‘ನಮ್ಮೂರ ಚಿರತೆ’ ಅಂತ ಬರುವ ವಿಡಿಯೊ ಮುಂದೆ ಕಳಿಸುವ ಮುನ್ನ ಬೋರ್ಡಿನ ಭಾಷೆ, ಬೆಳೆ, ಗಾಡಿಯ ನಂಬರ್ ನೋಡಿ. ಎಷ್ಟೋ ಸಲ ಅದು ಈ ರಾಜ್ಯದ್ದೇ ಆಗಿರುವುದಿಲ್ಲ.

ಕೊನೆಯ ವಾರ ವರದಿ ಬರೆಯುವುದರಲ್ಲೇ ಕಳೆಯಬೇಡಿ, ಎರಡು ದಿನ ಸಾಕು. ತಿದ್ದಬಹುದಾದ ಮೂಲ ಫೈಲು, ಪಿಡಿಎಫ್, ಧ್ವನಿ ಸಂದೇಶ ಮೂರನ್ನೂ ಅರಿವು ಕೇಂದ್ರದ ಕಂಪ್ಯೂಟರಿಗೆ ಹಾಕಿ, ಪಂಚಾಯಿತಿಗೂ ವಲಯ ಕಚೇರಿಗೂ ಒಂದೊಂದು ಪೆನ್‌ಡ್ರೈವ್ ಕೊಡಿ. ಪೋಸ್ಟರಿನ ಹತ್ತು ಪ್ರತಿ ಮಾತ್ರ ಅಂಟಿಸದೆ ಉಳಿಸಿ ಮೇಸ್ತ್ರಿಗಳ ಕೈಗೆ ಕೊಡಿ, ಗದ್ದೆ ಬದಲಾದಂತೆ ಅವು ಅವರ ಜೊತೆಯಲ್ಲೇ ಹೋಗುತ್ತವೆ.