ಮೊಬೈಲ್‌ಗೆ ಆ್ಯಂಟಿವೈರಸ್ ಬೇಕೇ? ಮೊದಲು ಈ ಸೆಟ್ಟಿಂಗ್‌ಗಳನ್ನು ನೋಡಿ

ಆ್ಯಂಡ್ರಾಯ್ಡ್ ಫೋನಿಗೆ ರಕ್ಷಣೆ ಬೇಕೇ ಬೇಕು. ಆದರೆ ದುಡ್ಡು ಕೊಟ್ಟು ಆ್ಯಂಟಿವೈರಸ್ ಹಾಕಿಸಿಕೊಂಡರೆ ಆಯಿತು ಎಂದುಕೊಳ್ಳಬೇಡಿ. ಕಂಪ್ಯೂಟರ್‌ನಲ್ಲಿ ಆ್ಯಂಟಿವೈರಸ್ ಇಡೀ ಡಿಸ್ಕನ್ನು ಜಾಲಾಡಬಲ್ಲದು. ಫೋನಿನಲ್ಲಿ ಒಂದು ಆ್ಯಪ್‌ನ ಒಳಗಿನ ಡೇಟಾವನ್ನು ಇನ್ನೊಂದು ಆ್ಯಪ್ ನೋಡುವಂತಿಲ್ಲ. ಈ ಕಟ್ಟುಪಾಡು ಆ್ಯಂಟಿವೈರಸ್‌ಗೂ ಅನ್ವಯಿಸುತ್ತದೆ. ಇನ್‌ಸ್ಟಾಲ್ ಆಗಿರುವ ಆ್ಯಪ್‌ಗಳನ್ನು ಗೊತ್ತಿರುವ ಕಳ್ಳ ಆ್ಯಪ್‌ಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುವುದೇ ಅದರ ಮುಖ್ಯ ಕೆಲಸ. ಅದನ್ನು ಪ್ಲೇ ಸ್ಟೋರ್ ಒಳಗಿನ ‘ಪ್ಲೇ ಪ್ರೊಟೆಕ್ಟ್’ ಉಚಿತವಾಗಿಯೇ ಮಾಡುತ್ತದೆ. ಐಫೋನ್‌ನಲ್ಲಂತೂ ಬೇರೆ ಆ್ಯಪ್‌ಗಳನ್ನು ಸ್ಕ್ಯಾನ್ ಮಾಡಲು ಅವಕಾಶವೇ ಇಲ್ಲ.

2004ರಲ್ಲಿ ಸಿಂಬಿಯನ್ ಫೋನ್‌ಗಳಿಗೆ (ಆ್ಯಂಡ್ರಾಯ್ಡ್‌ಗೂ ಮೊದಲಿನ ತಂತ್ರಾಂಶದ ಫೋನ್‌ಗಳು) ಬಂದ ‘ಕ್ಯಾಬಿರ್’ ಎಂಬ ಕುತಂತ್ರಾಂಶ ಬ್ಲೂಟೂತ್ ಮೂಲಕ ಹರಡುತ್ತಿತ್ತು. ಆಗಲೂ ಬಳಸುವವರು ‘ಯೆಸ್’ ಒತ್ತದೆ ಅದು ಒಳಗೆ ಬರುತ್ತಿರಲಿಲ್ಲ. ಇಂದಿನ ಬಹುಪಾಲು ವಂಚನೆ ನಿಂತಿರುವುದೂ ನಿಮ್ಮ ಒಪ್ಪಿಗೆಯ ಮೇಲೆಯೇ. ಮದುವೆ ಕರೆಯೋಲೆ, ಆರ್‌ಟಿಒ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ‘.ಎಪಿಕೆ’ (.apk) ಇದ್ದರೆ ಅದು ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ, ಆ್ಯಪ್. ಇನ್‌ಸ್ಟಾಲ್ ಆದೊಡನೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ನೇರ ವಂಚಕರ ಕೈಗೆ. ಪರಿಚಿತರ ನಂಬರ್‌ನಿಂದ ಬಂದಿದೆ ಎಂದು ನಂಬಬೇಡಿ, ಅವರ ಫೋನೇ ಕಳ್ಳರ ವಶದಲ್ಲಿರಬಹುದು.

ಈಗ ಫೋನ್ ಕೈಗೆತ್ತಿಕೊಳ್ಳಿ. ಕಂಪನಿಯಿಂದ ಕಂಪನಿಗೆ ಮೆನು ಹೆಸರು ತುಸು ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕು ಪಟ್ಟಿಯಲ್ಲಿ ಟೈಪ್ ಮಾಡಿ.

1. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ತೆರೆಯಿರಿ. ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯಿಂದ ಆ್ಯಪ್ ಹಾಕಲು ಯಾವುದಕ್ಕೆ ಅನುಮತಿ ಇದೆ ಎಂಬುದು ಇಲ್ಲಿರುತ್ತದೆ. ವಾಟ್ಸ್‌ಆ್ಯಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ಎಲ್ಲದರ ಮುಂದೆಯೂ ‘ನಾಟ್ ಅಲೌಡ್’ ಇರಬೇಕು. ಒಂದೇ ಹೆಜ್ಜೆಗೆ ಸಮಯ ಇದೆ ಎನ್ನುವವರು ಇದನ್ನೇ ಮಾಡಿ. ಮನೆಯ ಹಿರಿಯರ ಫೋನಿನಲ್ಲೂ ಇವತ್ತೇ ಮಾಡಿಕೊಡಿ.

2. ಪ್ಲೇ ಸ್ಟೋರ್‌ನಲ್ಲಿ ಮೇಲೆ ಬಲಕ್ಕಿರುವ ನಿಮ್ಮ ಚಿತ್ರ ಒತ್ತಿ, ‘ಪ್ಲೇ ಪ್ರೊಟೆಕ್ಟ್’ಗೆ ಹೋಗಿ ಸ್ಕ್ಯಾನ್ ಮಾಡಿ. ಅಲ್ಲಿನ ಗೇರ್ ಗುರುತಿನೊಳಗೆ ಸ್ಕ್ಯಾನಿಂಗ್ ಆನ್ ಆಗಿದೆಯೇ ನೋಡಿ. ವಂಚಕರು ಮೊದಲು ಆಫ್ ಮಾಡಿಸಲು ನೋಡುವುದು ಇದನ್ನೇ.

3. ‘ಆಕ್ಸೆಸಿಬಿಲಿಟಿ’ಯಲ್ಲಿ ಇನ್‌ಸ್ಟಾಲ್ಡ್ ಅಥವಾ ಡೌನ್‌ಲೋಡೆಡ್ ಆ್ಯಪ್‌ಗಳ ಪಟ್ಟಿ ನೋಡಿ. ಇದು ದೃಷ್ಟಿದೋಷ ಮೊದಲಾದ ತೊಂದರೆ ಇರುವವರಿಗಾಗಿ ಮಾಡಿದ ಸೌಲಭ್ಯ. ಈ ಅನುಮತಿ ಪಡೆದ ಆ್ಯಪ್ ಪರದೆ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ನಿಮಗೆ ಗೊತ್ತಿಲ್ಲದ ಹೆಸರು ಆನ್ ಇದ್ದರೆ ತಕ್ಷಣ ಆಫ್ ಮಾಡಿ.

4. ‘ಪರ್ಮಿಷನ್ ಮ್ಯಾನೇಜರ್’ನಲ್ಲಿ ಎಸ್ಸೆಮ್ಮೆಸ್ ಅನುಮತಿ ಯಾರಿಗಿದೆ ನೋಡಿ. ಟಾರ್ಚ್, ಆಟ, ವಾಲ್‌ಪೇಪರ್ ಆ್ಯಪ್‌ಗಳಿಗೆ ಅದು ಬೇಕಿಲ್ಲ.

5. ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ವರ್ಷಗಳಿಂದ ಅಪ್‌ಡೇಟ್ ಬಾರದ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಡದಿರುವುದೇ ಒಳ್ಳೆಯದು. ತಂತ್ರಾಂಶದಲ್ಲಿ ಆಮೇಲೆ ಪತ್ತೆಯಾದ ತೂತುಗಳನ್ನು ಯಾವ ಆ್ಯಂಟಿವೈರಸ್ಸೂ ಮುಚ್ಚಲಾರದು.

ಇಷ್ಟಾಗಿಯೂ ಸ್ಕ್ಯಾನರ್ ಬೇಕೆನ್ನುವವರು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಸಾಧನಗಳನ್ನು ನೋಡಬಹುದು. ‘ನಿಮ್ಮ ಫೋನಿಗೆ ವೈರಸ್ ತಗುಲಿದೆ’ ಎಂದು ಬ್ರೌಸರ್‌ನಲ್ಲಿ ಏಳುವ ಜಾಹೀರಾತಿನಿಂದ ಮಾತ್ರ ಏನನ್ನೂ ಇಳಿಸಿಕೊಳ್ಳಬೇಡಿ.

ಎಪಿಕೆ ಈಗಾಗಲೇ ಇನ್‌ಸ್ಟಾಲ್ ಆಗಿದ್ದರೆ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಏರೋಪ್ಲೇನ್ ಮೋಡ್. ಹಲವು ಫೋನ್‌ಗಳಲ್ಲಿ ಆಗಲೂ ವೈಫೈ ಉಳಿದುಬಿಡುತ್ತದೆ, ಅದನ್ನು ಬೇರೆಯಾಗಿ ಆಫ್ ಮಾಡಿ. ಬಳಿಕ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದರೆ ಮಾತ್ರ. ಬಂದ ಸಂದೇಶ, ಕಳುಹಿಸಿದ ನಂಬರ್, ಫೈಲ್ ಹೆಸರು ಇವುಗಳ ಫೋಟೊವನ್ನು ಆ ಇನ್ನೊಂದು ಫೋನಿನಲ್ಲಿ ತೆಗೆದಿಡಿ, ದೂರಿಗೆ ಬೇಕಾಗುತ್ತದೆ.

ಅನಂತರ ಆ್ಯಪ್ ತೆಗೆಯುವ ಕೆಲಸ. ಐಕಾನ್ ಕಾಣದಂತೆ ಅಡಗಿರಬಹುದು, ಹಾಗಾಗಿ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ. ‘ಅನ್‌ಇನ್‌ಸ್ಟಾಲ್’ ಬಟನ್ ಮಂಕಾಗಿದ್ದರೆ ಆ ಆ್ಯಪ್‌ಗೆ ‘ಡಿವೈಸ್ ಅಡ್ಮಿನ್’ ಅಧಿಕಾರ ಸಿಕ್ಕಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನು ಹುಡುಕಿ, ಮೊದಲು ಆ ಅಧಿಕಾರವನ್ನು ಕಿತ್ತುಹಾಕಿ. ಸೆಟ್ಟಿಂಗ್ಸ್ ತೆರೆದ ಕೂಡಲೇ ಪರದೆ ತಾನಾಗಿ ಹಿಂದಕ್ಕೆ ಹೋಗುತ್ತಿದ್ದರೆ ಅದು ಆಕ್ಸೆಸಿಬಿಲಿಟಿ ಬಳಸಿಕೊಂಡಿರುವ ಆ್ಯಪ್‌ನ ಕೆಲಸ. ಆಗ ಪವರ್ ಮೆನುವಿನಲ್ಲಿ ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಬಹುತೇಕ ಫೋನ್‌ಗಳು ಸೇಫ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತವೆ. ಅಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ, ನಿಶ್ಚಿಂತೆಯಿಂದ ತೆಗೆಯಬಹುದು. ಒಂದು ಎಪಿಕೆ ಇನ್ನೊಂದನ್ನು ‘ಅಪ್‌ಡೇಟ್’ ನೆಪದಲ್ಲಿ ಎಳೆದು ತಂದಿರುವುದುಂಟು, ಆದ್ದರಿಂದ ಒಂದನ್ನು ತೆಗೆದ ಮೇಲೆ ಪಟ್ಟಿಯನ್ನು ಕೊನೆಯವರೆಗೂ ನೋಡಿ.

ಅನುಮಾನ ಉಳಿದರೆ ಫ್ಯಾಕ್ಟರಿ ರೀಸೆಟ್ (ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡುವುದೇ ಸರಿ. ಅದಕ್ಕೆ ಮುನ್ನ ಫೋಟೊ, ನಂಬರ್‌ಗಳನ್ನು ಬೇರೆಡೆ ಉಳಿಸಿಕೊಳ್ಳಿ. ಡೌನ್‌ಲೋಡ್ಸ್ ಫೋಲ್ಡರ್ ಬೇಡ, ಆ ಎಪಿಕೆ ಅಲ್ಲೇ ಇದ್ದೀತು. ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಾವಣೆ ಬೇರೆ ಫೋನಿನಲ್ಲೇ ಆಗಲಿ. ಹೊಸ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ: ರೀಸೆಟ್ ಆದ ಫೋನ್ ಮತ್ತೆ ತೆರೆಯುವಾಗ ಅದನ್ನೇ ಕೇಳಬಹುದು.